ಬುಲೆಟ್ಟಿನ ತಲೆಯಲ್ಲಿ ಎಣ್ಣೆ ಸೋರಿದರೆ ಮೊದಲು ಉಸಿರು ನೋಡಿ

ಎಣ್ಣೆ ಸೋರದ ಬುಲೆಟ್ಟು ಇಲ್ಲ, ಸೋರಲಿಲ್ಲ ಅಂದರೆ ಒಳಗೆ ಎಣ್ಣೆಯೇ ಇಲ್ಲ ಅಂತ ತಿಳಿ. ಇದು ಗ್ಯಾರೇಜುಗಳಲ್ಲಿ ಕೇಳಿಬರುವ ಹಳೇ ತಮಾಷೆ. ಆದರೆ ತಿಂಗಳಿಗೆ ಅರ್ಧ ಲೀಟರು ಎಣ್ಣೆ ಕೊಂಡು ಹೊಯ್ಯುವವನಿಗೆ ಇದರಲ್ಲಿ ನಗು ಬರೋದಿಲ್ಲ. ಗಾಡಿ ಹಳೇದು ಅಂದ ಮಾತ್ರಕ್ಕೆ ಸೋರಲೇಬೇಕು ಅಂತ ಕಾನೂನಿಲ್ಲ. ನನ್ನ 1988ರ ಮಾಡೆಲ್ಲಿನ ಬುಲೆಟ್ಟಿನ ರಾಕರ್ ಮುಚ್ಚಳಗಳು ಎರಡು ಮಳೆಗಾಲ ಕಳೆದರೂ ಒಣಗಿಯೇ ಇವೆ. ಅದಕ್ಕೆ ಮೊದಲು ಒಂದೇ ವರ್ಷದಲ್ಲಿ ಮೂರು ಸಲ ಪ್ಯಾಕಿಂಗ್ ಬದಲಾಗಿತ್ತು. ಮೂರು ಸಲವೂ ಹದಿನೈದು ದಿನ ಸರಿ, ಆಮೇಲೆ ಮತ್ತದೇ ಜಿಡ್ಡು.

ಶಿರಸಿ ಅಂದಕೂಡಲೇ ಎಲ್ಲರಿಗೂ ಅಡಿಕೆ ತೋಟ, ಏಲಕ್ಕಿ, ಕಾಳುಮೆಣಸು ನೆನಪಾಗ್ತದೆ. ನಮ್ಮದು ತಾಲೂಕಿನ ಮೂಡಣ ಮೂಲೆ, ಬನವಾಸಿ ಸೀಮೆ. ಇಲ್ಲಿ ಬಯಲು ಹೆಚ್ಚು, ತೋಟ ಕಮ್ಮಿ. ನಾನು ಮಳೆ ನಂಬಿ ಭತ್ತ, ಗೋವಿನಜೋಳ ಮಾಡುವವನು. ಗದ್ದೆಗೆ ಗೊಬ್ಬರದ ಚೀಲ ಒಯ್ಯೋದು, ಡೇರಿಗೆ ಹಾಲಿನ ಕ್ಯಾನು ಮುಟ್ಟಿಸೋದು, ರಾತ್ರಿ ಯಾರಿಗಾದರೂ ಹುಷಾರಿಲ್ಲದಿದ್ದರೆ ಇಪ್ಪತ್ತು ಚಿಲ್ಲರೆ ಕಿಲೋಮೀಟರು ದೂರದ ಶಿರಸಿ ಪೇಟೆಗೆ ಓಡೋದು, ಎಲ್ಲಕ್ಕೂ ಇದೊಂದೇ ಗಾಡಿ. ಹಾಗಾಗಿ ಇದು ನನಗೆ ಶೋಕಿಯ ವಸ್ತುವಲ್ಲ, ಎತ್ತಿನ ಜೋಡಿ ಇದ್ದ ಹಾಗೆ.

ಮೂರನೇ ಸಲವೂ ಸೋರಿದಾಗ ಗ್ಯಾರೇಜಿನಲ್ಲಿ ಹೇಳಿದ್ದು, "ಹೆಡ್ಡೇ ಹೋಗಿದೆ ಅಣ್ಣಾ, ಬೇರೆ ಹಾಕಬೇಕು" ಅಂತ. ಅವರು ಹೇಳಿದ ರೊಕ್ಕ ಕೇಳಿ ನಾನು ಗಾಡಿ ಹೊಡಕೊಂಡು ಮನೆಗೆ ಬಂದೆ. ಅಷ್ಟು ದುಡ್ಡಿಗೆ ಒಂದು ಹಂಗಾಮಿನ ಬೀಜ ಗೊಬ್ಬರ ಬರ್ತಿತ್ತು. ಮಗನೂ ಮಾರಿಬಿಡಪ್ಪ ಅಂತ ಹಟ ಹಿಡಿದ. ಅಷ್ಟರಲ್ಲಿ ಪಕ್ಕದ ಊರಿನಲ್ಲಿ ಮೊದಲು ಲಾರಿ ರಿಪೇರಿ ಮಾಡುತ್ತಿದ್ದ ವಯಸ್ಸಾದ ಒಬ್ಬ ಮಿಸ್ತ್ರಿ ಇದ್ದಾರೆ ಅಂತ ಗೊತ್ತಾಯಿತು. ಅವರು ಮುಚ್ಚಳ ಮುಟ್ಟಲೇ ಇಲ್ಲ. ಬಗ್ಗಿ ಎಂಜಿನ್ನಿನ ಕೆಳಗೆ ಒಂದು ರಬ್ಬರ್ ಪೈಪು ಹಿಡಿದು, "ಇದರ ಬಾಯಲ್ಲಿ ಏನಿದೆ ನೋಡಿದ್ದಾರಾ ಯಾರಾದರೂ?" ಅಂದರು. ಪೈಪಿನ ತುದಿಯಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು. ಬೆರಳಿನಷ್ಟು ಉದ್ದದ ಕೆಮ್ಮಣ್ಣು, ಬಿಸಿಗೆ ಸುಟ್ಟು ಇಟ್ಟಿಗೆಯಂತಾಗಿತ್ತು.

ಇದು ಎಂಜಿನ್ನು ಉಸಿರು ಬಿಡುವ ಕೊಳವೆ. ಬ್ರೀದರ್ ಪೈಪು ಅಂತಾರೆ. ಇದರ ಕೆಲಸ ತಿಳಿದರೆ ಮುಚ್ಚಳ ಯಾಕೆ ಸೋರ್ತದೆ ಅನ್ನೋದು ತಾನಾಗಿ ತಿಳೀತದೆ.

ಹಳೇ 350 ಬುಲೆಟ್ಟಿನದು ಒಂದೇ ಸಿಲಿಂಡರು, 346 ಸಿ.ಸಿ. ಪಿಸ್ಟನ್ನು 70 ಮಿ.ಮೀ. ಅಗಲ, ಓಡುವ ದೂರ 90 ಮಿ.ಮೀ. ಅದು ಒಂದು ಸಲ ಕೆಳಗಿಳಿದರೆ ಮೇಲಿನಿಂದ ಪೆಟ್ರೋಲು ಗಾಳಿ ಎಳಕೊಳ್ಳುವುದೋ, ಬೆಂಕಿಯ ಒತ್ತಡ ತಗೊಳ್ಳುವುದೋ ಅಂತ ನಾವು ಲೆಕ್ಕ ಹಾಕ್ತೇವೆ. ಆದರೆ ಅದೇ ಹೊತ್ತಿಗೆ ಪಿಸ್ಟನ್ನಿನ ಕೆಳಗಿನ ಭಾಗದಲ್ಲಿರುವ ಗಾಳಿ ಏನಾಗಬೇಕು? ಸೈಕಲ್ ಪಂಪು ಒತ್ತಿದ ಹಾಗೆ, ಸುಮಾರು ಮೂರನೇ ಒಂದು ಲೀಟರಿನಷ್ಟು ಗಾಳಿ ಕೆಳಗೆ ಕ್ರಾಂಕ್ ಕೇಸಿನೊಳಗೆ ಒತ್ತಲ್ಪಡ್ತದೆ. ನಿಮಿಷಕ್ಕೆ 3000 ಸುತ್ತು ತಿರುಗಿದರೆ ಸೆಕೆಂಡಿಗೆ 50 ಸಲ ಈ ಒತ್ತು. ಅದು ಹೊರಗೆ ಹೋಗಲಿಕ್ಕೆ ಇರುವ ದಾರಿಯೇ ಆ ಕೊಳವೆ. ಅದರ ತುದಿಗೆ ಬಾತುಕೋಳಿ ಕೊಕ್ಕಿನ ಹಾಗೆ ಎರಡು ತುಟಿಯ ರಬ್ಬರು ಇರ್ತದೆ. ಗಾಳಿ ಹೊರಗೆ ಬರುವಾಗ ತುಟಿ ಬಿಚ್ಚಿಕೊಳ್ಳಬೇಕು, ಪಿಸ್ಟನ್ನು ಮೇಲೆ ಹೋಗುವಾಗ ಮುಚ್ಚಿಕೊಳ್ಳಬೇಕು. ಹೀಗೆ ಒಂದೇ ದಿಕ್ಕಿಗೆ ಗಾಳಿ ಹೋದರೆ ಎಂಜಿನ್ನಿನ ಒಳಗೆ ಒತ್ತಡ ಕಟ್ಟೋದಿಲ್ಲ.

ದಾರಿ ಕಟ್ಟಿದರೆ? ಕುಕ್ಕರಿನ ಸೀಟಿಯಲ್ಲಿ ಅನ್ನದ ಅಗುಳು ಸಿಕ್ಕಿದ ಹಾಗೆ. ಆವಿ ಮುಚ್ಚಳದ ರಬ್ಬರಿನ ಸಂದಿಯಲ್ಲಿ ನುಗ್ಗುತ್ತದೆ. ಬುಲೆಟ್ಟಿನಲ್ಲಿ ಕೆಳಗಿನ ಗಾಳಿ ಪುಶ್ ರಾಡು ಓಡಾಡುವ ಸುರಂಗದ ಮೂಲಕ ಮೇಲೆ ರಾಕರ್ ಗೂಡಿಗೆ ಹತ್ತುತ್ತದೆ. ಅಲ್ಲಿ ಎಣ್ಣೆ ಇದೆ, ತೆಳು ಪ್ಯಾಕಿಂಗ್ ಇದೆ, ಹಗುರ ಅಲ್ಯುಮಿನಿಯಂ ಮುಚ್ಚಳ ಇದೆ. ಎಲ್ಲಿ ದುರ್ಬಲವೋ ಅಲ್ಲಿ ಗಾಳಿ ಎಣ್ಣೆಯನ್ನು ನೂಕಿಕೊಂಡು ಹೊರಗೆ ಬರ್ತದೆ. ನೀವು ಎಷ್ಟು ಹೊಸ ಪ್ಯಾಕಿಂಗ್ ಹಾಕಿದರೂ ಅಷ್ಟೇ. ಅದನ್ನು ತಡೆಯಲಿಕ್ಕೆ ನಟ್ಟು ಇನ್ನೂ ಬಿಗಿ ಮಾಡ್ತಾರೆ, ಮುಚ್ಚಳ ಬಾಗ್ತದೆ, ಆಮೇಲೆ ದಾರಿ ತೆರೆದರೂ ಸೋರ್ತದೆ. ನನ್ನ ಗಾಡಿಗೆ ಆಗಿದ್ದೂ ಇದೇ. ಮೊದಲ ರೋಗ ಒಂದು, ಚಿಕಿತ್ಸೆಯಿಂದ ಹುಟ್ಟಿದ ರೋಗ ಇನ್ನೊಂದು.

ಹಾಗಾಗಿ ಪಾನಾ ಹಿಡಿಯುವ ಮುಂಚೆ ನೋಡಬೇಕಾದ್ದು ಇಷ್ಟು. ಎಂಜಿನ್ ಚಾಲೂ ಮಾಡಿ, ನಿಧಾನ ಓಡ್ತಾ ಇರುವಾಗ ಉಸಿರುಕೊಳವೆಯ ಬಾಯಿಗೆ ಬೆರಳು ಹತ್ತಿರ ಹಿಡಿಯಿರಿ. ಪುಸ್ ಪುಸ್ ಅಂತ ಗಾಳಿ ತಾಗಬೇಕು. ತಾಗದಿದ್ದರೆ ಕಟ್ಟಿದೆ. ಗಾಳಿ ಹೊರಗೂ ಬಂದು ಒಳಗೂ ಎಳೆಯುತ್ತಿದ್ದರೆ ಕೊಕ್ಕಿನ ರಬ್ಬರು ಗಟ್ಟಿಯಾಗಿ ತುಟಿ ತೆರೆದೇ ಉಳಿದಿದೆ ಅಂತ. ಹೊಸದು ಹಾಕಿ, ಅಗ್ಗದ ಸಾಮಾನು. ಇನ್ನು ನೀಲಿ ಹೊಗೆಯೇ ದಪ್ಪಗೆ ಬರುತ್ತಿದ್ದರೆ, ಕಿಕ್ಕರ್ ಮೇಲೆ ನಿಂತರೂ ಒತ್ತಡ ಸಿಗದೆ ಕಾಲು ಸರ್ರನೆ ಕೆಳಗೆ ಹೋದರೆ ಪಿಸ್ಟನ್ ರಿಂಗು ಸವೆದಿರಬಹುದು. ಆಗ ಮೇಲಿನ ಬೆಂಕಿಯ ಒತ್ತಡವೂ ಕೆಳಗೆ ಇಳೀತದೆ. ಅಂಥ ಗಾಡಿಗೆ ಮುಚ್ಚಳದ ಕೆಲಸ ಮಾಡಿ ಪ್ರಯೋಜನ ಇಲ್ಲ, ಮೊದಲು ಬೋರು ತೋರಿಸಿ. ಹೋಗುವಾಗ ಡಿಕಂಪ್ರೆಸರ್ ಸರಿಯಾಗಿ ಕೂತಿದೆಯೋ ಅಂತ ನೋಡಿ ಹೋಗಿ. ಅದು ಅರೆ ತೆರೆದಿದ್ದರೂ ಕಿಕ್ಕರ್ ಹಗುರಾಗ್ತದೆ, ಸುಮ್ಮನೆ ರಿಂಗಿಗೆ ಖರ್ಚು ಮಾಡೋದು ಬೇಡ.

ಎಣ್ಣೆ ಹೆಚ್ಚು ಹೊಯ್ಯುವುದೂ ಒಂದು ಕಾರಣ. ಬುಲೆಟ್ಟಿನ ಎಣ್ಣೆ ತೊಟ್ಟಿ ಎಂಜಿನ್ನಿನ ಹೊಟ್ಟೆಯಲ್ಲೇ ಬೇರೆ ಕೋಣೆಯಾಗಿ ಇದೆ. ಗಾಡಿ ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತರೆ ತೊಟ್ಟಿಯ ಎಣ್ಣೆ ಮೆಲ್ಲಗೆ ಪಂಪಿನ ಸಂದಿಯಿಂದ ಕ್ರಾಂಕಿನ ಕಡೆ ಇಳೀತದೆ. ಕಡ್ಡಿ ಹಾಕಿ ನೋಡಿದರೆ ಎಣ್ಣೆ ಕಮ್ಮಿ ಕಾಣ್ತದೆ. ಹೊಯ್ದುಬಿಡ್ತಾರೆ. ಗಾಡಿ ಓಡಿದ ಮೇಲೆ ಇಳಿದ ಎಣ್ಣೆಯೂ ತೊಟ್ಟಿಗೆ ವಾಪಸು ಬಂದು ಮಿತಿ ಮೀರ್ತದೆ. ಐದು ನಿಮಿಷ ಓಡಿಸಿ, ನಿಲ್ಲಿಸಿ, ಆಮೇಲೆ ಕಡ್ಡಿ ನೋಡೋದು ಸರಿಯಾದ ಪದ್ಧತಿ. ಒಟ್ಟು ಹಿಡಿಯುವುದು ಎರಡೂ ಕಾಲು ಲೀಟರಿನ ಆಸುಪಾಸು. 20-50 ಎಣ್ಣೆ ನಮ್ಮ ಬಿಸಿಲಿಗೆ ಒಪ್ಪುತ್ತದೆ.

ಎಣ್ಣೆ ಎಲ್ಲಿಂದ ಬರ್ತಿದೆ ಅನ್ನೋದು ಕಣ್ಣಿಗೆ ಕಂಡ ಜಾಗದಿಂದ ನಿರ್ಧಾರ ಆಗೋದಿಲ್ಲ. ಎಣ್ಣೆ ಮೇಲಿಂದ ಕೆಳಗೆ ಇಳೀತದೆ, ಗಾಳಿ ಹಿಂದಕ್ಕೆ ಹೊಡೀತದೆ. ಹಾಗಾಗಿ ಗಾಡಿ ತೊಳೆಯಿರಿ. ಸೀಮೆಎಣ್ಣೆ ಈಗ ಸಿಗೋದು ಕಷ್ಟ, ಡೀಸೆಲ್ಲಿನಲ್ಲಿ ಬ್ರಶ್ಶು ಅದ್ದಿ ತಿಕ್ಕಿ, ಆಮೇಲೆ ಸಾಬೂನು ನೀರು. ಚೆನ್ನಾಗಿ ಒಣಗಿದ ಮೇಲೆ ಮುಖಕ್ಕೆ ಹಚ್ಚುವ ಪೌಡರನ್ನು ಮುಚ್ಚಳದ ಸುತ್ತ, ಅದರ ಕೆಳಗೆ, ಬಲಬದಿಯ ಟ್ಯಾಪೆಟ್ ಬಾಗಿಲಿನ ಸುತ್ತ ಉದುರಿಸಿ ಎರಡು ಮೈಲಿ ಓಡಿಸಿ ಬನ್ನಿ. ಮೊದಲು ಒದ್ದೆಯಾಗುವ ಜಾಗವೇ ಕಳ್ಳ. ಸುಣ್ಣದ ಪುಡಿ ಹಾಕಬೇಡಿ, ಅಲ್ಯುಮಿನಿಯಂ ತಿನ್ನುತ್ತದೆ.

ಎಷ್ಟೋ ಸಲ ಮುಚ್ಚಳದ ತಪ್ಪೇ ಇರೋದಿಲ್ಲ. ಎಂಜಿನ್ನಿನ ಬಲ ಮಗ್ಗುಲಿಂದ ತೆಳು ಕೊಳವೆ ರಾಕರಿಗೆ ಎಣ್ಣೆ ಹೊತ್ತುಕೊಂಡು ಮೇಲೆ ಹತ್ತುತ್ತದಲ್ಲ, ಅದರ ಯೂನಿಯನ್ ಬೋಲ್ಟಿನ ಆಚೆ ಈಚೆ ತಾಮ್ರದ ವಾಶರುಗಳಿವೆ. ಅವು ಒತ್ತಿ ಒತ್ತಿ ಗಟ್ಟಿಯಾಗಿ ಅಲ್ಲಿಂದ ಒಸರುತ್ತದೆ, ಇಳಿದು ಮುಚ್ಚಳದ ಅಂಚಿಗೆ ಬಂದು ನಿಲ್ಲುತ್ತದೆ, ಬೈಗುಳ ಮುಚ್ಚಳಕ್ಕೆ. ಹೊಸ ವಾಶರ್ ಸಿಗದಿದ್ದರೆ ಹಳೇದನ್ನೇ ಒಲೆಯ ಕೆಂಡದಲ್ಲಿ ಕೆಂಪಗಾಗುವ ತನಕ ಕಾಯಿಸಿ ನೀರಿಗೆ ಹಾಕಿ, ಮೆತ್ತಗಾಗ್ತದೆ. ಕುಲುಮೆಯಲ್ಲಿ ನೇಗಿಲ ಗುಳ ಕಾಯಿಸಿ ನೀರಿಗೆ ಅದ್ದಿದರೆ ಗಟ್ಟಿಯಾಗೋದು ನಮಗೆ ಗೊತ್ತು. ತಾಮ್ರದ ಸ್ವಭಾವ ಅದಕ್ಕೆ ತದ್ವಿರುದ್ಧ. ಕಪ್ಪು ಹಿಡಿದದ್ದನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ತೊಳೆದು ಹಾಕಿದರೆ ಹೊಸದರ ಹಾಗೆ.

ಈಗ ಮುಚ್ಚಳ ತೆಗೆಯುವ ಕೆಲಸ. ಎಂಜಿನ್ ಪೂರ್ತಿ ತಣ್ಣಗಿರಲಿ. ಪೆಟ್ರೋಲ್ ಟ್ಯಾಂಕು ಇಳಿಸಿಕೊಂಡರೆ ಕೈ ಆಡಲಿಕ್ಕೆ ಜಾಗ ಆಗ್ತದೆ. ಕಾಕು ಬಂದು ಮಾಡಿ, ಪೈಪು ಬಿಚ್ಚಿ, ಟ್ಯಾಂಕನ್ನು ಒಲೆ ಬಚ್ಚಲಿನಿಂದ ದೂರ ಇಡಿ. ಹಳೇ ಬುಲೆಟ್ಟಿಗೆ ಇಂಚಿನ ಅಳತೆಯ ನಟ್ಟುಗಳೂ ಇರ್ತವೆ. ಮಿಲಿಮೀಟರ್ ಪಾನಾ ಕೂತ ಹಾಗೆ ಕಂಡು, ಜೋರು ಕೊಟ್ಟಾಗ ಜಾರಿ ಮೂಲೆ ಸವೆಸ್ತದೆ. ಸರಿಯಾಗಿ ಕೂರುವ ಪಾನಾ ಇಲ್ಲದಿದ್ದರೆ ಕೆಲಸ ಶುರುವೇ ಮಾಡಬೇಡಿ, ಎರವಲು ತನ್ನಿ. ಒಂದು ನಟ್ಟು ಪೂರ್ತಿ ಬಿಚ್ಚಿ ಇನ್ನೊಂದಕ್ಕೆ ಹೋಗೋದಲ್ಲ, ಎಲ್ಲವನ್ನೂ ಅರ್ಧರ್ಧ ಸುತ್ತು ಸಡಿಲಿಸಿಕೊಂಡು ಬನ್ನಿ. ಮುಚ್ಚಳ ಅಂಟಿಕೊಂಡಿದ್ದರೆ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ಆ ಗೀರು ಮುಂದೆ ಎಣ್ಣೆಗೆ ಕಾಲುವೆ ಆಗ್ತದೆ. ಮರದ ಹಿಡಿಯಿಂದ ಮಗ್ಗುಲಿಗೆ ಮೆಲ್ಲಗೆ ತಟ್ಟಿದರೆ ಬಿಡ್ತದೆ. ಒಳಗೆ ರಾಕರಿನ ಬೇರಿಂಗ್ ಹಿಡಿದ ನಟ್ಟುಗಳು ಕಾಣ್ತವೆ, ಅವನ್ನು ಮುಟ್ಟೋದು ಬೇಡ. ಈ ಎಂಜಿನ್ನಿನ ಟ್ಯಾಪೆಟ್ ಹೊಂದಾಣಿಕೆ ಕೆಳಗೆ ಪುಶ್ ರಾಡಿನ ಬುಡದಲ್ಲಿ ಇರುವುದರಿಂದ ಮುಚ್ಚಳ ತೆಗೆದ ಮಾತ್ರಕ್ಕೆ ಟ್ಯಾಪೆಟ್ ಕೆಡೋದಿಲ್ಲ.

ತೆಗೆದ ಮುಚ್ಚಳ ತೊಳೆದು ಒರೆಸಿ ಅದರ ಅಂಚು ಸಮ ಇದೆಯೋ ಇಲ್ಲವೋ ನೋಡಬೇಕು. ಇದೇ ಎಲ್ಲಕ್ಕಿಂತ ಮುಖ್ಯ ಕೆಲಸ, ಇದನ್ನೇ ಯಾರೂ ಮಾಡೋದಿಲ್ಲ. ಮಿಸ್ತ್ರಿ ನನಗೆ ತೋರಿಸಿಕೊಟ್ಟ ಉಪಾಯ ಬಹಳ ಸುಲಭ. ದಪ್ಪ ಕನ್ನಡಿ ಗಾಜಿನ ತುಂಡು ಒಂದನ್ನು ಸಮವಾದ ಹಲಗೆ ಮೇಲೆ ಇಡಿ. ಕುಂಕುಮಕ್ಕೆ ಎರಡು ಹನಿ ಎಣ್ಣೆ ಕಲಸಿ ಗಾಜಿನ ಮೇಲೆ ತೆಳ್ಳಗೆ, ಬಣ್ಣ ಹತ್ತಿತೋ ಇಲ್ಲವೋ ಅನ್ನುವಷ್ಟು ಸವರಿ. ಮುಚ್ಚಳದ ಅಂಚನ್ನು ಅದರ ಮೇಲೆ ಮೆಲ್ಲಗೆ ಇಟ್ಟು ಎತ್ತಿ ನೋಡಿ. ಸುತ್ತ ಎಲ್ಲ ಕಡೆ ಕೆಂಪು ಹತ್ತಿದರೆ ಸಮ ಇದೆ. ನನ್ನ ಮುಚ್ಚಳದಲ್ಲಿ ನಟ್ಟು ಕೂರುವ ಜಾಗದಲ್ಲಿ ಮಾತ್ರ ಕೆಂಪು, ನಡುವೆ ಎಲ್ಲ ಬಿಳಿ. ಅಂದರೆ ಬಿಗಿದು ಬಿಗಿದು ನಟ್ಟಿನ ಹತ್ತಿರ ತಗ್ಗಿ, ನಡುವೆ ಕಮಾನಿನ ಹಾಗೆ ಎದ್ದಿತ್ತು. ಅಲ್ಲಿ ಎಷ್ಟು ಪ್ಯಾಕಿಂಗ್ ಹಾಕಿದರೆ ಏನು ಬಂತು?

ಸಮ ಮಾಡಲಿಕ್ಕೆ ಅದೇ ಗಾಜು ಸಾಕು. ನೀರಿನಲ್ಲಿ ಉಜ್ಜುವ ನುಣುಪು ಎಮರಿ ಕಾಗದವನ್ನು ಗಾಜಿನ ಮೇಲೆ ಹಾಸಿ, ನೀರು ಚಿಮುಕಿಸಿ, ಮುಚ್ಚಳವನ್ನು ಎಂಟರ ಆಕಾರದಲ್ಲಿ ಹಗುರಾಗಿ ಉಜ್ಜಿ. ಒಂದೇ ಕಡೆ ಒತ್ತಬೇಡಿ. ಹತ್ತು ಸುತ್ತಿಗೊಮ್ಮೆ ಮುಚ್ಚಳ ತಿರುಗಿಸಿ ಹಿಡಿಯಿರಿ. ನಡುನಡುವೆ ತೊಳೆದು ಕುಂಕುಮ ಹಚ್ಚಿ ನೋಡ್ತಾ ಇರಿ. ನನಗೆ ಎರಡು ಮುಚ್ಚಳಕ್ಕೆ ಒಂದು ಮಧ್ಯಾಹ್ನ ಹಿಡಿಯಿತು. ಅರ ಹಾಕಿ ಬೇಗ ಮುಗಿಸುವ ಆಸೆ ಬರ್ತದೆ, ಅದು ಬೇಡ. ಅರ ಒಂದು ಕಡೆ ತಗ್ಗು ತೆಗೆದರೆ ತಿರುಗಿ ಬರೋದಿಲ್ಲ.

ಹೆಡ್ಡಿನ ಮೇಲಿನ ಅಂಚನ್ನೂ ಉಕ್ಕಿನ ಅಳತೆಪಟ್ಟಿ ಇಟ್ಟು ಬೆಳಕಿಗೆ ಹಿಡಿದು ನೋಡಿ. ಸ್ಟಡ್ಡಿನ ಬುಡದಲ್ಲಿ ಸಣ್ಣ ಹುಬ್ಬು ಎದ್ದಿರ್ತದೆ. ಬುಲೆಟ್ಟಿಗೆ ಬೀಡು ಕಬ್ಬಿಣದ ಎಂಜಿನ್ನು ಅಂತ ಹೆಸರಿದ್ದರೂ ಕಬ್ಬಿಣ ಇರೋದು ಬ್ಯಾರಲ್ಲಿಗೆ ಮಾತ್ರ, ಹೆಡ್ಡು ಅಲ್ಯುಮಿನಿಯಂ. ಜೋರು ಬಿಗಿದರೆ ಸ್ಟಡ್ಡು ಮೆತ್ತನೆ ಲೋಹವನ್ನು ಎಳೆದುಕೊಂಡು ಮೇಲೆ ಬರ್ತದೆ. ಆ ಹುಬ್ಬನ್ನು ಮೆಲ್ಲಗೆ ಕೆರೆದು ತೆಗೆಯಬೇಕು. ಕೆರೆಯುವಾಗ ಒಳಗೆಲ್ಲ ಬಟ್ಟೆ ತುರುಕಿ, ಪುಶ್ ರಾಡಿನ ಸುರಂಗಕ್ಕೆ ಒಂದು ಚೂರೂ ಬೀಳಬಾರದು. ಥ್ರೆಡ್ಡೇ ಹೋಗಿದ್ದರೆ ಲೇತಿನವರ ಹತ್ತಿರ ಒಳಗೆ ಬುಶ್ ಹಾಕಿಸಿ. ಹೆಡ್ಡು ಬದಲಿಸುವ ಖರ್ಚಿಗೆ ಹೋಲಿಸಿದರೆ ಅದು ಏನೂ ಅಲ್ಲ. ನನ್ನದರಲ್ಲಿ ಒಂದು ಸ್ಟಡ್ಡಿಗೆ ಹಾಗೆ ಮಾಡಿಸಬೇಕಾಯಿತು.

ಪ್ಯಾಕಿಂಗ್ ಬೆಂಡಿನದು ಬರ್ತದೆ, ಕಾಗದದ್ದು ಬರ್ತದೆ, ರಬ್ಬರಿನದೂ ಬರ್ತದೆ. ಬೆಂಡಿನದು ಅಂಗಡಿಯಲ್ಲಿ ಒಣಗಿ ಕುಗ್ಗಿರ್ತದೆ. ತೂತು ಹೊಂದೋದಿಲ್ಲ ಅಂತ ಎಳೆದರೆ ಹರೀತದೆ. ಉಗುರು ಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿದರೆ ಮೊದಲಿನ ಅಳತೆಗೆ ಬರ್ತದೆ, ಒರೆಸಿ ಆರಿಸಿ ಹಾಕಿ. ಅಂಚು ಸಮ ಆದ ಮೇಲೆ ನನಗೆ ಒಪ್ಪಿದ್ದು ಕಾಗದದ ಪ್ಯಾಕಿಂಗ್. ಎರಡೂ ಬದಿಗೆ ತೆಳ್ಳಗೆ ಗ್ರೀಸ್ ಸವರಿ ಕೂರಿಸಿದೆ. ಮುಂದಿನ ಸಲ ತೆಗೆಯುವಾಗ ಹರಿಯದೆ ಬರ್ತದೆ.

ಸಿಲಿಕಾನ್ ಪೇಸ್ಟಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಟ್ಯೂಬು ಹಿಂಡಿ ಬಳಿಯೋದು ಈಗ ಎಲ್ಲ ಕಡೆ ರೂಢಿ. ಹೊರಗೆ ಉಬ್ಬಿ ಬಂದದ್ದನ್ನು ನಾವು ನೋಡ್ತೇವೆ. ಅಷ್ಟೇ ಪ್ರಮಾಣ ಒಳಗೂ ಉಬ್ಬಿರ್ತದೆ. ಅದು ಎಣ್ಣೆಗೆ ನೆನೆದು ಕಳಚಿ, ಸುರಂಗದ ದಾರಿಯಲ್ಲಿ ಕೆಳಗೆ ಬಿದ್ದು ಜಾಳಿಗೆಗೆ ಅಂಟಿಕೊಳ್ತದೆ. ನಮ್ಮ ನೆರೆಯವರೊಬ್ಬರ ಗಾಡಿಯ ಎಣ್ಣೆ ಬಸಿದಾಗ ಹಲ್ಲಿ ಬಾಲದಂಥ ಚೂರುಗಳು ಬಂದವು. ಅವರ ರಾಕರಿಗೆ ಎಣ್ಣೆಯೇ ಹತ್ತುತ್ತಿರಲಿಲ್ಲ, ಮೇಲೆ ಟಕಟಕ ಸದ್ದು. ಹೊರಗೆ ಸೋರುವುದು ನಿಂತಿತ್ತು ನಿಜ, ಒಳಗೆ ಎಣ್ಣೆ ಇಲ್ಲದೆ! ಹಾಕಲೇಬೇಕು ಅಂದರೆ ಬೆರಳಿನಲ್ಲಿ ಸವರಿದಷ್ಟು, ಮುಚ್ಚಳದ ಕಡೆಗೆ ಮಾತ್ರ ಹಾಕಿ.

ಕೂರಿಸುವಾಗ ನಟ್ಟುಗಳನ್ನು ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ. ಆಮೇಲೆ ಚಿಕ್ಕ ಪಾನಾ ತಗೊಂಡು, ಅದರ ತುದಿಯನ್ನಲ್ಲ, ಕುತ್ತಿಗೆಯ ಹತ್ತಿರ ಎರಡು ಬೆರಳಲ್ಲಿ ಹಿಡಿದು ಎದುರು ಬದುರಾಗಿ ಕಾಲು ಕಾಲು ಸುತ್ತು ಬಿಗಿಯಿರಿ. ಬೆರಳಿಗೆ ನೋವಾಗುವಷ್ಟು ಬಂದರೆ ಸಾಕು. ಎತ್ತಿನ ಕಣ್ಣಿ ಬಿಗಿದ ಹಾಗೆ ಕಾಲು ಕೊಟ್ಟು ಎಳೆಯುವ ಜಾಗ ಇದಲ್ಲ. ಟ್ಯಾಪೆಟ್ ಬಾಗಿಲಿನ ನಟ್ಟಿಗೂ ಇದೇ ಮಾತು. ಅಲ್ಲಿ ಕೈ ಹಾಕಿದ್ದೇ ಆದರೆ ತಣ್ಣಗಿರುವಾಗ, ಎರಡೂ ವಾಲ್ವು ಮುಚ್ಚಿರುವ ಹೊತ್ತಿಗೆ, ಪುಶ್ ರಾಡು ಬೆರಳಿಗೆ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು, ಅಷ್ಟು ನೋಡಿ ಮುಚ್ಚಿಬಿಡಿ.

ಗಾಡಿ ಚಾಲೂ ಮಾಡಿದ ಮೇಲೆ ರಾಕರಿಗೆ ಎಣ್ಣೆ ಹತ್ತುತ್ತಿದೆಯೋ ಅಂತ ಖಾತ್ರಿ ಮಾಡಿಕೊಳ್ಳಿ. ನಿಧಾನ ಓಡುವಾಗ ಮೇಲಿನ ಯೂನಿಯನ್ ಬೋಲ್ಟು ಅರ್ಧ ಸುತ್ತು ಸಡಿಲಿಸಿದರೆ ಎಣ್ಣೆ ಒಸರಬೇಕು. ಕಂಡಕೂಡಲೇ ಬಿಗಿದು ಒರೆಸಿ. ಐವತ್ತು ಅರವತ್ತು ಕಿಲೋಮೀಟರು ಓಡಿದ ಮೇಲೆ, ತಣ್ಣಗಾದಾಗ ನಟ್ಟುಗಳನ್ನು ಒಮ್ಮೆ ಮುಟ್ಟಿ ನೋಡಿ. ಪ್ಯಾಕಿಂಗ್ ಕೂತು ಸ್ವಲ್ಪ ಸಡಿಲ ಆಗಿರ್ತದೆ. ಅದು ಆದ ಮೇಲೆ ಪದೇ ಪದೇ ಪಾನಾ ಹಾಕುವ ಚಾಳಿ ಬೇಡ.

ಇಷ್ಟೆಲ್ಲ ಯಾಕೆ, ಸ್ವಲ್ಪ ಸೋರಿದರೆ ಸೋರಲಿ ಅನ್ನುವವರೂ ಇದ್ದಾರೆ. ನಮ್ಮ ಬಯಲು ಸೀಮೆಯಲ್ಲಿ ಬೇಸಿಗೆಯ ಧೂಳು ನಿಮಗೆ ಗೊತ್ತು. ಸೋರಿದ ಎಣ್ಣೆ ಬ್ಯಾರಲ್ಲಿನ ರೆಕ್ಕೆಗಳ ಮೇಲೆ ಇಳಿದು, ಧೂಳು ಕೂತು, ಗೋಡೆಗೆ ಸಾರಿಸಿದ ಸಗಣಿಯಂತೆ ಗಟ್ಟಿ ಕಟ್ಟುತ್ತದೆ. ಗಾಳಿಯಿಂದಲೇ ತಣ್ಣಗಾಗಬೇಕಾದ ಎಂಜಿನ್ನಿಗೆ ಕಂಬಳಿ ಹೊದೆಸಿದ ಹಾಗೆ. ಒಂದು ಕಡೆ ಎಣ್ಣೆ ಕಮ್ಮಿ, ಇನ್ನೊಂದು ಕಡೆ ಬಿಸಿ ಹೆಚ್ಚು. ದೇವಿಮನೆ ಘಟ್ಟ ಹತ್ತುವಾಗ ಪಿಸ್ಟನ್ನು ಹಿಡಕೊಂಡರೆ ಆ ಏರಿನಲ್ಲಿ ತಳ್ಳಲಿಕ್ಕೂ ಆಗದ ತೂಕ ಇದರದು. ಬೋರು, ಪಿಸ್ಟನ್ನು ಅಂತ ಕೂತರೆ ಹಾಲಿನ ಒಂದು ತಿಂಗಳ ಬಟವಾಡೆ ಸಾಲೋದಿಲ್ಲ.

ಈ ತಾಪತ್ರಯ ಮೈಸೂರಿನ ಐಡಿಯಲ್ ಜಾವಾದ ಯೆಜ್ಡಿ ಇಟ್ಟುಕೊಂಡವರಿಗೆ ಇಲ್ಲ. ಅದು ಎರಡು ಸ್ಟ್ರೋಕಿನ ಎಂಜಿನ್ನು, ವಾಲ್ವೂ ಇಲ್ಲ ರಾಕರೂ ಇಲ್ಲ. ಆ ಕಾರ್ಖಾನೆ 1996ರಲ್ಲಿ ನಿಂತಿತು. ಬುಲೆಟ್ಟು 1955ರಿಂದ ಮದ್ರಾಸಿನಲ್ಲಿ ತಯಾರಾಗುತ್ತಾ ಬಂತು. 2010ರ ಆಸುಪಾಸಿನಲ್ಲಿ ಅದರ ಎಂಜಿನ್ನೇ ಬದಲಾಯಿತು, ಟ್ಯಾಪೆಟ್ ತಾನೇ ಹೊಂದಿಕೊಳ್ಳುವ ಹೊಸ ನಮೂನೆ ಬಂತು. ನಾನು ಇಲ್ಲಿ ಬರೆದದ್ದು ಅದಕ್ಕೆ ಹಿಂದಿನ ಗಾಡಿಗಳ ಮಾತು. ಬಿಡಿಭಾಗ ಈಗಲೂ ಸಿಗ್ತವೆ. ಶಿರಸಿಯಲ್ಲಿ ಸಿಗದ್ದು ಹುಬ್ಬಳ್ಳಿಯಲ್ಲಿ ಸಿಕ್ಕಿದೆ. ಡೀಸೆಲ್ ಪಂಪ್‌ಸೆಟ್ಟು, ಪವರ್ ಟಿಲ್ಲರ್ ಇದ್ದವರೂ ತಮ್ಮ ಎಂಜಿನ್ನಿನ ಉಸಿರಿನ ದಾರಿ ಎಲ್ಲಿದೆ ಅಂತ ಒಮ್ಮೆ ಹುಡುಕಿ ನೋಡಿಕೊಳ್ಳಿ. ಅಲ್ಲಿಯೂ ಕಟ್ಟಿದರೆ ಸೋರುವ ಕ್ರಮ ಇದೇ.

ಕುಂಬಾರ ಹುಳಕ್ಕೆ ನಾನು ಮಾಡಿದ ಉಪಾಯ ಹೀಗಿದೆ. ಗಾಡಿ ನಿಲ್ಲಿಸುವ ದಿನಗಳಲ್ಲಿ ಕೊಳವೆಯ ಬಾಯಿಗೆ ಹಳೇ ಸೊಳ್ಳೆ ಪರದೆಯ ಒಂದು ಪದರ ಸುತ್ತಿ ದಾರ ಕಟ್ಟುತ್ತೇನೆ. ಬಟ್ಟೆ ತುರುಕೋದಲ್ಲ. ಮರೆತು ಹಾಗೇ ಗಾಡಿ ಹೊಡೆದರೂ ಪರದೆಯಿಂದ ಗಾಳಿ ಆಡ್ತದೆ, ಬಟ್ಟೆಯಿಂದ ಆಡೋದಿಲ್ಲ. ತಿಂಗಳಿಗೊಮ್ಮೆ ಪರದೆ ಬದಲಿಸಿದರೆ ಸಾಕು, ಎಣ್ಣೆ ಧೂಳಿಗೆ ಅದೂ ಕಟ್ಟಿಕೊಳ್ತದೆ.